ಡಿಕ್ರಿ ಜುಲೈನಲ್ಲಿ, ಹದಿನೆಂಟು ಆಗಸ್ಟ್‌ನಲ್ಲಿ: ಒಂದು ಇಂಜಿನಿಯರಿಂಗ್ ಸೀಟಿನ ಲೆಕ್ಕ

ಅಕ್ಕ-ಭಾವನ ಡಿವೋರ್ಸ್ ಒಪ್ಪಂದದ ಮೊದಲ ಕರಡು 11 ಪುಟ ಇತ್ತು. ಮಗನ ಓದಿನ ಬಗ್ಗೆ ಅದರಲ್ಲಿ ಇದ್ದದ್ದು ಒಂದೇ ಸಾಲು: ‘ಮಗನ ವಿದ್ಯಾಭ್ಯಾಸದ ಖರ್ಚನ್ನು ತಂದೆ ವಹಿಸತಕ್ಕದ್ದು.’ ಫ್ಲ್ಯಾಟಿನ ಕಾರ್ ಪಾರ್ಕಿಂಗ್ ಬಗ್ಗೆ ಮಾತ್ರ ಎರಡು ಪ್ಯಾರಾ.

ನಾನು ಬ್ಯಾಂಕಿನಲ್ಲಿ ಸಾಲದ ಕಾಗದ ನೋಡುವವನು. ಇಂಥ ಸಾಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಯಾವ ಓದು, ಎಲ್ಲಿಯವರೆಗೆ, ಎಷ್ಟು, ಯಾವತ್ತು, ಯಾರ ಕೈಗೆ ಅಂತ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದೆ. ಅಕ್ಕ ಅದನ್ನು ನೋಡಿ, “ಇಷ್ಟೆಲ್ಲ ಕೇಳಿದ್ರೆ ಅವರು ಸಹಿನೇ ಹಾಕಲ್ಲ ಕಣೋ” ಅಂದಳು. ಅವಳಿಗೆ ಬೇಗ ಮುಗಿದರೆ ಸಾಕಾಗಿತ್ತು. ಮೂರು ವರ್ಷದಿಂದ ಬೇರೆ ಮನೆ ಮಾಡಿಕೊಂಡು ಸಾಕಾಗಿದ್ದಳು.

ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. ಲೆಕ್ಕ ಮಾತ್ರ ಇದ್ದದ್ದು ಇದ್ದ ಹಾಗೆ.

ಊರು ಬೆಂಗಳೂರು. ಭಾವ ಐಟಿ ಕಂಪನಿಯಲ್ಲಿ, ಕೈಗೆ ಬರುವ ಸಂಬಳ ತಿಂಗಳಿಗೆ 1.35 ಲಕ್ಷ. ಅಕ್ಕ ಖಾಸಗಿ ಶಾಲೆಯಲ್ಲಿ ಟೀಚರ್, 42 ಸಾವಿರ. ಇಬ್ಬರ ಹೆಸರಿನಲ್ಲೂ ಇರುವ ಒಂದು ಫ್ಲ್ಯಾಟ್, ಅದಕ್ಕೆ 48 ಸಾವಿರ ಇಎಂಐ. ಒಬ್ಬನೇ ಮಗ, ಸೆಕೆಂಡ್ ಪಿಯುಸಿ ಸೈನ್ಸ್. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಇಬ್ಬರೂ ಒಪ್ಪಿ ಅರ್ಜಿ ಹಾಕಿದ್ದು 2023ರ ಡಿಸೆಂಬರ್‌ನಲ್ಲಿ. ಶರತ್ತುಗಳನ್ನು ಮಾತಾಡಿ ಮುಗಿಸಿಕೊಳ್ಳಿ ಅಂತ ಕೋರ್ಟ್ ಮಧ್ಯಸ್ಥಿಕೆಗೆ ಕಳಿಸಿತು. ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಫ್ಯಾಮಿಲಿ ಕೋರ್ಟೂ ಇದೆ, ಮಧ್ಯಸ್ಥಿಕೆ ಕೇಂದ್ರವೂ ಇದೆ. ನನ್ನನ್ನು ಒಳಗೆ ಬಿಡಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಲೆಕ್ಕದ ಶೀಟ್ ಕಳಿಸುವುದು ನನ್ನ ಕೆಲಸ.

ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಆ ಕಾಯುವಿಕೆಯನ್ನು ಸಂದರ್ಭ ನೋಡಿ ಜಡ್ಜ್ ಮಾಫಿ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರು ಕೇಳೋಣವಾ ಅಂದರು. ನಾನೇ ಬೇಡ ಅಂದೆ. ಏಪ್ರಿಲ್‌ನಲ್ಲಿ ಸಿಇಟಿ, ಆಮೇಲೆ ರ‍್ಯಾಂಕ್. ರ‍್ಯಾಂಕೇ ಗೊತ್ತಿಲ್ಲದೆ ಫೀಸಿನ ಮಾತು ಮುಗಿಸುವುದು ಅಂದರೆ ಅಳತೆ ಕೊಡದೆ ಬಟ್ಟೆ ಹೊಲಿಸಿದ ಹಾಗೆ. ಅಕ್ಕ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಹುಡುಗನಿಗೆ ಹದಿನೆಂಟು ತುಂಬುವುದು ಆಗಸ್ಟ್ 14ಕ್ಕೆ. ಡಿಕ್ರಿ, ಅಂದರೆ ಡಿವೋರ್ಸಿನ ತೀರ್ಪು ಸಿಗುವ ಎರಡನೇ ಹಿಯರಿಂಗ್ ಬರುವುದು ಹೆಚ್ಚುಕಮ್ಮಿ ಜುಲೈಗೆ. ಈ ಎರಡು ತಾರೀಖನ್ನು ಯಾರೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಡಿವೋರ್ಸ್ ವೇಳೆ ಮಕ್ಕಳ ಪಾಲನೆ, ಓದು ಇವಕ್ಕೆಲ್ಲ ಆದೇಶ ಮಾಡುವ ಅಧಿಕಾರ ಕೋರ್ಟಿಗೆ ಇರುವುದು ಅದೇ ಕಾಯ್ದೆಯ 26ನೇ ಸೆಕ್ಷನ್‌ನಲ್ಲಿ. ಅದು ಮಾತಾಡುವುದು ಅಪ್ರಾಪ್ತ ಮಕ್ಕಳ ಬಗ್ಗೆ. ಅಂದರೆ ನಮ್ಮ ಹುಡುಗನಿಗೆ ಆ ಸೆಕ್ಷನ್‌ನ ನೆರಳು ಡಿಕ್ರಿ ಆದಮೇಲೆ ಒಂದು ತಿಂಗಳೂ ಪೂರ್ತಿ ಸಿಗುವುದಿಲ್ಲ. ಕಾಲೇಜು ಶುರುವಾಗುವುದೇ ಆಮೇಲೆ!

ಹುಡುಗಿ ಆಗಿದ್ದರೆ ಮಾತು ಬೇರೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ, ಮದುವೆಯಾಗದ, ಸ್ವಂತ ದುಡಿಮೆ ಇಲ್ಲದ ಮಗಳಿಗೆ ಹದಿನೆಂಟು ದಾಟಿದರೂ ತಂದೆ-ತಾಯಿಯಿಂದ ಕೇಳುವ ಹಕ್ಕಿದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒತ್ತಿ ಹೇಳಿತು. ಆ ಗಂಡ-ಹೆಂಡತಿ 26 ವರ್ಷ ಬೇರೆ ಇದ್ದವರು. ಒಪ್ಪಂದದ 73 ಲಕ್ಷದಲ್ಲಿ 43 ಲಕ್ಷ ಐರ್ಲೆಂಡಿನಲ್ಲಿ ಓದುತ್ತಿದ್ದ ಮಗಳ ಓದಿಗೆ. ಮಗಳು ಸ್ವಾಭಿಮಾನದಿಂದ ಬೇಡ ಅಂದಳು. ಅಪ್ಪ ವಾಪಸ್ ತಗೊಳ್ಳಲಿಲ್ಲ. ಆ ದುಡ್ಡು ಅವಳದೇ ಹಕ್ಕು ಅಂತ ಕೋರ್ಟ್ ಹೇಳಿತು.

ಗಂಡುಮಕ್ಕಳ ಬಗ್ಗೆ ಕಾಯ್ದೆಯಲ್ಲಿ ಅಷ್ಟು ನೇರವಾದ ಮಾತಿಲ್ಲ. ನಮಗೆ ಆಸರೆ ಸಿಕ್ಕಿದ್ದು ನಮ್ಮ ರಾಜ್ಯದ್ದೇ ಒಂದು ಕೇಸಿನಿಂದ. ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆಯ ನೌಕರರೊಬ್ಬರು 2005ರಲ್ಲಿ ಡಿವೋರ್ಸ್ ಪಡೆದಿದ್ದರು. ಮೊದಲ ಮದುವೆಯ ಮಗನಿಗೆ ತಿಂಗಳಿಗೆ 20 ಸಾವಿರ ಕೊಡಿ ಅಂತ 2017ರಲ್ಲಿ ಫ್ಯಾಮಿಲಿ ಕೋರ್ಟ್ ಹೇಳಿತು. ಹೈಕೋರ್ಟ್ ಎತ್ತಿ ಹಿಡಿಯಿತು. ಕೈಗೆ ಬರುವ ಸಂಬಳವೇ ಸುಮಾರು 21 ಸಾವಿರ, ಎರಡನೇ ಮದುವೆಯಲ್ಲಿ ಇನ್ನಿಬ್ಬರು ಮಕ್ಕಳು ಅಂತ ಅವರು ಸುಪ್ರೀಂ ಕೋರ್ಟಿಗೆ ಹೋದರು. 2021ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಎಂ.ಆರ್. ಶಾ ಅವರ ಪೀಠ ಮೊತ್ತವನ್ನು 10 ಸಾವಿರಕ್ಕೆ ಇಳಿಸಿತು, ವರ್ಷಕ್ಕೆ ಸಾವಿರ ಏರಿಸಿ ಅಂದಿತು. ಆದರೆ ಹದಿನೆಂಟಕ್ಕೆ ನಿಲ್ಲಿಸಲಿಲ್ಲ. ಈಗಿನ ಕಾಲದಲ್ಲಿ ಮೂಲ ಓದು ಅನ್ನಿಸಿಕೊಳ್ಳುವ ಡಿಗ್ರಿ ಕೈಗೆ ಸಿಗುವುದೇ ಕಾಲೇಜು ಮುಗಿದ ಮೇಲೆ, ಹಾಗಾಗಿ ಮೊದಲ ಡಿಗ್ರಿ ಆಗುವವರೆಗೂ ಕೊಡಬೇಕು ಅಂತ.

ನನಗೆ ಈ ಆದೇಶದಲ್ಲಿ ಹಿಡಿಸಿದ್ದು ಎರಡೂ ಕಡೆ. ಅಪ್ಪನ ಕೈಲಿ ಆಗುವಷ್ಟಕ್ಕೆ ಇಳಿಸಿದರು, ಮಗನ ಓದು ಮುಗಿಯುವಷ್ಟಕ್ಕೆ ಎಳೆದರು. ಆದರೂ ಹೀಗೆ ಕೋರ್ಟಿಂದ ಕೋರ್ಟಿಗೆ ಅಲೆಯುವಷ್ಟರಲ್ಲಿ ಯಾವ ಹುಡುಗನ ಓದು ಕಾಯುತ್ತದೆ? ಒಪ್ಪಂದದಲ್ಲೇ ಬರೆದು ಡಿಕ್ರಿಯೊಳಗೆ ಸೇರಿಸಿಬಿಟ್ಟರೆ, ನಾಳೆ ಕೊಡದಿದ್ದಾಗ ಅದೇ ಡಿಕ್ರಿ ಹಿಡಿದು ವಸೂಲಿಗೆ ಹೋಗಬಹುದು. ಮೊದಲಿಂದ ವಾದ ಮಾಡಬೇಕಿಲ್ಲ. ಹಾಗಾಗಿ ನಮ್ಮ ಮೊದಲ ತಿದ್ದುಪಡಿ ಇಷ್ಟೇ ಆಯಿತು: ‘ಮಗನಿಗೆ 18 ವರ್ಷ ತುಂಬಿದ ನಂತರವೂ, ಮೊದಲ ಡಿಗ್ರಿ ಮುಗಿಯುವವರೆಗೆ.’ ಹದಿನೆಂಟಾದ ಮೇಲೆ ಮಗ ತಾನೇ ಕೇಳಬಹುದು ಅಂತಲೂ ಸೇರಿಸಿದೆವು.

ಇನ್ನು ಎಷ್ಟು ಅನ್ನುವ ಮಾತು.

2024-25ಕ್ಕೆ ಕೊನೆಗೆ ನಿಗದಿಯಾದ ದರ ಹೀಗಿತ್ತು. ಖಾಸಗಿ ಕಾಲೇಜಿನಲ್ಲಿ ಸಿಇಟಿ ಮೂಲಕ ಸಿಗುವ ಸರ್ಕಾರಿ ಕೋಟಾ ಸೀಟಿಗೆ ವರ್ಷಕ್ಕೆ 76 ಸಾವಿರದಿಂದ 85 ಸಾವಿರದ ಒಳಗೆ. ಖಾಸಗಿ ಕಾಲೇಜುಗಳ ಒಕ್ಕೂಟ ಬೇರೆ ಪರೀಕ್ಷೆ ನಡೆಸಿ ಕೊಡುವ ಕಾಮೆಡ್-ಕೆ ಸೀಟಿಗೆ 1.86 ಲಕ್ಷ ಇಲ್ಲವೇ 2.61 ಲಕ್ಷ, ಕಾಲೇಜಿನ ಮೇಲೆ ಹೋಗುತ್ತದೆ. ಮ್ಯಾನೇಜ್‌ಮೆಂಟ್ ಸೀಟಿಗೆ ದರ ಅಂತ ಏನಿಲ್ಲ, ಬ್ರಾಂಚ್ ನೋಡಿ, ಮುಖ ನೋಡಿ ಹೇಳುತ್ತಾರೆ. ಒಂದೇ ಕ್ಲಾಸು, ಒಂದೇ ಬೆಂಚು, ಒಬ್ಬನಿಗೆ 85 ಸಾವಿರ, ಪಕ್ಕದವನಿಗೆ ಅದರ ಹಲವು ಪಟ್ಟು. ‘ವಿದ್ಯಾಭ್ಯಾಸದ ಖರ್ಚು’ ಅನ್ನುವ ಪದದೊಳಗೆ ಇಷ್ಟೂ ಕೂತಿರುತ್ತದೆ. ಅಕ್ಕ ಅದನ್ನು ಓದಿ ಕಂಪ್ಯೂಟರ್ ಸೈನ್ಸ್ ಮ್ಯಾನೇಜ್‌ಮೆಂಟ್ ಸೀಟು ಅಂದುಕೊಂಡಿದ್ದಳು. ಭಾವ ಸಿಇಟಿ ಸೀಟು ಅಂದುಕೊಂಡಿದ್ದರು. ಇಬ್ಬರೂ ಒಂದೇ ಸಾಲಿಗೆ ಸಹಿ ಹಾಕುವುದಕ್ಕೆ ತಯಾರಾಗಿದ್ದರು.

ನಾನು ಎರಡು ಶೀಟ್ ಮಾಡಿದೆ. ಸಿಇಟಿ ಸೀಟಾದರೆ ಫೀಸು, ಅದರ ಮೇಲೆ ಕಾಲೇಜು ಕೇಳುವ ಚಿಲ್ಲರೆ ಸೇರಿ ವರ್ಷಕ್ಕೆ 1.1 ಲಕ್ಷ. ಕಾಮೆಡ್-ಕೆ ದುಬಾರಿ ಸೀಟಾದರೆ 3 ಲಕ್ಷ. ಎರಡಕ್ಕೂ ಓಡಾಟ, ಪುಸ್ತಕ, ಪರೀಕ್ಷೆ ಫೀಸು, ಊಟ-ತಿಂಡಿ ಅಂತ ತಿಂಗಳಿಗೆ 6 ಸಾವಿರ. ಲ್ಯಾಪ್‌ಟಾಪ್ 65 ಸಾವಿರ. ನಾಲ್ಕು ವರ್ಷಕ್ಕೆ ಮೊದಲನೆಯದು 7.93 ಲಕ್ಷ, ಎರಡನೆಯದು 15.53 ಲಕ್ಷ. ಹಾಸ್ಟೆಲ್ ಸೇರಿಸಿಲ್ಲ, ಹುಡುಗ ಬೆಂಗಳೂರಲ್ಲೇ ಇರುತ್ತಾನೆ ಅಂತ.

ಈ ಶೀಟ್ ಕೈಯಲ್ಲಿದ್ದಾಗಲೇ ಭಾವನ ಕಡೆಯಿಂದ ದೊಡ್ಡ ಮೊತ್ತವೊಂದು ಬಂತು. ಎಲ್ಲ ಸೇರಿ 25 ಲಕ್ಷ, ಒಂದೇ ಸಲ, ಫುಲ್ ಅಂಡ್ ಫೈನಲ್. ಅಕ್ಕ ಒಳಗಿಂದ ಮೆಸೇಜ್ ಹಾಕಿದಳು: ‘ಒಪ್ಕೊಳ್ಳಾ?’ ಒಂದು ನಿಮಿಷ ನನಗೂ ಒಪ್ಪಿಬಿಡು ಅನ್ನಿಸಿತು. ಆಮೇಲೆ ಬಿಡಿಸಿ ನೋಡಿದೆ. ಫ್ಲ್ಯಾಟಿನಲ್ಲಿ ಅವಳ ಪಾಲಿಗೇ 18 ಲಕ್ಷ ಬರಬೇಕು ಅಂತ ಮೊದಲೇ ಮಾತಾಗಿತ್ತು. ಉಳಿಯುವುದು 7 ಲಕ್ಷ. ಅಂದರೆ ಮಗನ ನಾಲ್ಕು ವರ್ಷದ ಓದನ್ನು 7 ಲಕ್ಷಕ್ಕೆ ಮುಗಿಸಿ, ಅದನ್ನು ಅವಳದೇ ದುಡ್ಡಿನ ಜೊತೆ ಕಟ್ಟಿ ಕೊಟ್ಟ ಹಾಗೆ. ‘ಬೇಡ, ಎರಡನ್ನೂ ಬೇರೆ ಮಾಡಿಸು’ ಅಂತ ಬರೆದೆ. ಮಕ್ಕಳಿಗೆ ಬರಬೇಕಾದ್ದನ್ನು ತಾಯಿ ತನ್ನ ಒಪ್ಪಂದದಲ್ಲಿ ಬಿಟ್ಟುಕೊಡಲು ಬರುವುದಿಲ್ಲ ಅಂತ ಕೋರ್ಟುಗಳು ಹೇಳಿವೆ. ಆದರೆ ಒಮ್ಮೆ ಎಲ್ಲ ಕಲೆಸಿಟ್ಟರೆ, ಯಾವುದು ಯಾರದು ಅಂತ ಆಮೇಲೆ ಬಿಡಿಸುವವರು ಯಾರು?

ಪಾಲಿನ ವಿಷಯಕ್ಕೆ ಅಷ್ಟು ಜಗಳ ಆಗಲಿಲ್ಲ. 2020ರ ನವೆಂಬರ್ 4ರಂದು ರಜನೀಶ್-ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಸೂಚನೆ ಕೊಟ್ಟಿತು. ಮಕ್ಕಳ ಓದಿನ ಖರ್ಚು ಸಾಮಾನ್ಯವಾಗಿ ತಂದೆಯದು, ತಾಯಿಯೂ ಸಾಕಷ್ಟು ದುಡಿಯುತ್ತಿದ್ದರೆ ಆದಾಯದ ಅಳತೆಗೆ ಹಂಚಿಕೊಳ್ಳಬಹುದು ಅಂತ ಅದರಲ್ಲಿದೆ. ಆಸ್ತಿ, ಸಾಲ, ಆದಾಯ ಎಲ್ಲ ಬರೆದುಕೊಡುವ ಅಫಿಡವಿಟ್ ನಮೂನೆಯೂ ಅದರ ಜೊತೆಗಿದೆ. ಅದನ್ನು ಮುಂದಿಟ್ಟುಕೊಂಡು ಇಬ್ಬರೂ ತುಂಬಿದರು. ತುಂಬಿದ ಮೇಲೆ ಮಾತು ತಾನಾಗಿ ತಣ್ಣಗಾಯಿತು. 1.35 ಲಕ್ಷಕ್ಕೆ 42 ಸಾವಿರ ಅಂದರೆ 76-24. ಲೆಕ್ಕಕ್ಕೆ ಸುಲಭ ಅಂತ 75-25 ಮಾಡಿದರು.

ಭಾವನ ಭಯ ಬೇರೆ ಕಡೆ ಇತ್ತು. “ಅವನು ಫೇಲಾಗ್ತಾ ಹೋದ್ರೆ ನಾನು ಹತ್ತು ವರ್ಷ ಕಟ್ಬೇಕಾ?” ಅಂತ ಕೇಳಿದರಂತೆ. ಅಕ್ಕನಿಗೆ ಸಿಟ್ಟು ಬಂತು. ನನಗೆ ಅದು ನ್ಯಾಯವಾದ ಪ್ರಶ್ನೆ ಅನ್ನಿಸಿತು. ನಾಲ್ಕು ವರ್ಷ, ಮೇಲೆ ಒಂದು ವರ್ಷ, ಅದರಾಚೆ ಅಪ್ಪನ ಹೊಣೆ ಇಲ್ಲ ಅಂತ ಬರೆದೆವು. ಮೇಲಿನ ಮಿತಿಗೆ ರೂಪಾಯಿ ಬರೆಯಲಿಲ್ಲ. ‘ಸೇರುವ ವರ್ಷ ನಿಗದಿಯಾದ ಕಾಮೆಡ್-ಕೆ ಗರಿಷ್ಠ ಫೀಸು’ ಅಂತ ಬರೆದೆವು. ಅದಕ್ಕಿಂತ ಜಾಸ್ತಿ ಆದರೆ ಇಬ್ಬರೂ ಬರಹದಲ್ಲಿ ಒಪ್ಪಿದರೆ ಮಾತ್ರ. ಇಡೀ ಒಪ್ಪಂದದಲ್ಲಿ ನನಗೆ ಹೆಮ್ಮೆ ಇರುವುದು ಈ ಒಂದು ಮಾತಿನ ಬಗ್ಗೆ. ಮ್ಯಾನೇಜ್‌ಮೆಂಟ್ ಸೀಟಿನ ಜಗಳ ಅಲ್ಲಿಗೆ ನಿಂತಿತು.

“ಲೋನ್ ತಗೊಳ್ಲಿ, ಇಎಂಐ ನಾನು ಕಟ್ತೀನಿ” ಅಂತಲೂ ಭಾವ ಒಂದು ದಿನ ಹೇಳಿದರು. ಇದು ನನ್ನ ಅಂಗಡಿಯ ಸರಕು. ದಿನಾ ಕೌಂಟರಿನಲ್ಲಿ ನೋಡುವುದರಿಂದ ಹೇಳುತ್ತೇನೆ, ಸಾಲ ಇರುವುದು ಹುಡುಗನ ಹೆಸರಿನಲ್ಲಿ. ಜೊತೆಗೆ ಅಪ್ಪ ಅಥವಾ ಅಮ್ಮ ಸಹಿ ಹಾಕಿರುತ್ತಾರೆ. ಇಎಂಐ ತಪ್ಪಿದರೆ ಸಿಬಿಲ್ ಕೆಡುವುದು ಸಹಿ ಹಾಕಿದವರದ್ದು. ಡಿವೋರ್ಸ್ ಒಪ್ಪಂದದಲ್ಲಿ ಯಾರು ಯಾರಿಗೆ ಮಾತು ಕೊಟ್ಟಿದ್ದಾರೆ ಅನ್ನುವುದು ಬ್ಯಾಂಕಿಗೆ ಬೇಕಾಗಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಅನ್ನುತ್ತಾರಲ್ಲ, ಬಡ್ಡಿ ಆಗಲೂ ಓಡುತ್ತಲೇ ಇರುತ್ತದೆ. ವರ್ಷಕ್ಕೆ 2.5 ಲಕ್ಷದಂತೆ ನಾಲ್ಕು ಸಲ ತೆಗೆದು, 10 ಪರ್ಸೆಂಟ್ ಸರಳ ಬಡ್ಡಿ ಹಾಕಿದರೂ, ಮೊದಲ ಕಂತು ಕಟ್ಟುವ ಹೊತ್ತಿಗೆ 10 ಲಕ್ಷ 13.5 ಲಕ್ಷ ಆಗಿರುತ್ತದೆ. ಬಡ್ಡಿಗೆ ಆಗಿನ ಆದಾಯ ತೆರಿಗೆ ಕಾಯ್ದೆಯ 80ಇ ಅಡಿ ಟ್ಯಾಕ್ಸ್ ವಿನಾಯಿತಿ ಇದೆಯಲ್ಲ ಅಂದರು. ಇದೆ, ಎಂಟು ವರ್ಷ. ಆದರೆ ಹಳೇ ಪದ್ಧತಿಯಲ್ಲಿ ಟ್ಯಾಕ್ಸ್ ಕಟ್ಟುವವರಿಗೆ. ಭಾವ ಹೊಸ ಪದ್ಧತಿಗೆ ಹೋಗಿ ಆಗಿತ್ತು. ಲೋನ್ ಮಾತು ಅಲ್ಲಿಗೆ ಬಿತ್ತು.

ಒಂದು ಪಿಪಿಎಫ್ ಖಾತೆಯೂ ಇತ್ತು. ಮಗನ ಹೆಸರು, ಗಾರ್ಡಿಯನ್ ಅಪ್ಪ, 2014ರಲ್ಲಿ ತೆರೆದದ್ದು, ಬ್ಯಾಲೆನ್ಸ್ 5.4 ಲಕ್ಷ. ಕಟ್ಟಿದ್ದು ನಾನು ಅಂತ ಭಾವ, ಸಂಬಳ ಬಂದಾಗಲೆಲ್ಲ ನಾನೂ ಹಾಕಿದ್ದೇನೆ ಅಂತ ಅಕ್ಕ. ಮಧ್ಯಸ್ಥರು ಪಾಸ್‌ಬುಕ್ ತೆಗೆದು ಮೊದಲ ಪುಟ ಇಬ್ಬರಿಗೂ ತೋರಿಸಿ, “ಇಲ್ಲಿ ಯಾರ ಹೆಸರಿದೆ ಓದಿ” ಅಂದರಂತೆ. ಖಾತೆಯನ್ನು ಯಾರೂ ಮುಟ್ಟುವುದಿಲ್ಲ, ಹದಿನೆಂಟಾದ ಮೇಲೆ ಅವನೇ ಓದಿಗೆ ಬಳಸಲಿ ಅಂತಾಯಿತು. ಇದರಲ್ಲೂ ಅಕ್ಕನದು ಒಂದು ತಪ್ಪು ಅಂದಾಜು ಇತ್ತು. ಪೂರ್ತಿ 5.4 ಲಕ್ಷ ಮೊದಲ ವರ್ಷವೇ ಸಿಗುತ್ತದೆ ಅಂದುಕೊಂಡಿದ್ದಳು. ಪಿಪಿಎಫ್‌ನಲ್ಲಿ ಮಧ್ಯದಲ್ಲಿ ತೆಗೆಯುವುದಾದರೆ ನಾಲ್ಕು ವರ್ಷದ ಹಿಂದಿನ ಬ್ಯಾಲೆನ್ಸ್, ಕಳೆದ ವರ್ಷದ ಬ್ಯಾಲೆನ್ಸ್, ಎರಡರಲ್ಲಿ ಯಾವುದು ಕಮ್ಮಿಯೋ ಅದರ ಅರ್ಧ. 2021ರ ಮಾರ್ಚ್‌ನಲ್ಲಿ ಖಾತೆಯಲ್ಲಿದ್ದದ್ದು 2.6 ಲಕ್ಷ. ಹಾಗಾಗಿ 1.3 ಲಕ್ಷ. ಪೂರ್ತಿ ಬೇಕೆಂದರೆ ಉನ್ನತ ಓದಿನ ಕಾರಣ ಕೊಟ್ಟು ಮುಚ್ಚಬಹುದು, ಬಡ್ಡಿಯಲ್ಲಿ 1 ಪರ್ಸೆಂಟ್ ಹಿಡಿಯುತ್ತಾರೆ. ಮುಚ್ಚಲಿಲ್ಲ.

ಜುಲೈ ಮೂರನೇ ವಾರ ಡಿಕ್ರಿ ಆಯಿತು. ಅಷ್ಟರಲ್ಲಿ ಸಿಇಟಿಯದ್ದೂ ಒಂದು ರಾಮಾಯಣ ಆಗಿತ್ತು. ಆ ವರ್ಷ ಪಠ್ಯದಲ್ಲೇ ಇಲ್ಲದ ಪ್ರಶ್ನೆ ಕೇಳಿ ಗಲಾಟೆಯಾಗಿ, 50 ಪ್ರಶ್ನೆ ಕೈಬಿಟ್ಟು ರ‍್ಯಾಂಕ್ ಕೊಟ್ಟರು. ಹುಡುಗನಿಗೆ ಪರವಾಗಿಲ್ಲ ಅನ್ನುವ ರ‍್ಯಾಂಕ್ ಬಂತು. ಕಾಮೆಡ್-ಕೆಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವ ಹಾಗಿತ್ತು. ಅವನು ಸಿಇಟಿಯಲ್ಲಿ ಎಲೆಕ್ಟ್ರಾನಿಕ್ಸ್ ಹಿಡಿದ. ಅದೇ ಇಷ್ಟ ಇರಬೇಕು ಅಂದುಕೊಂಡೆವು. ಆರು ತಿಂಗಳು ಅವನ ಓದಿನ ಬಗ್ಗೆಯೇ ಮಾತಾಡಿದ್ದೆವು. ಏನು ಓದಬೇಕು ಅಂತ ಅವನನ್ನು ಯಾರೂ ಸರಿಯಾಗಿ ಕೂರಿಸಿ ಕೇಳಿರಲಿಲ್ಲ. ನಾನೂ ಕೇಳಲಿಲ್ಲ.

ಸೀಟ್ ಸಿಕ್ಕ ದಿನ ನನ್ನ ತಪ್ಪು ಹೊರಬಿತ್ತು. ಚಾಯ್ಸ್ ಒಂದು ಒತ್ತಿದರೆ ಸೀಟು ಒಪ್ಪಿಕೊಂಡ ಹಾಗೆ, ಕೆಲವೇ ದಿನದಲ್ಲಿ ಸಿಇಟಿ ನಡೆಸುವ ಕೆಇಎಗೆ ಫೀಸು ಕಟ್ಟಿ ಕಾಲೇಜಿಗೆ ಹೋಗಿ ನಿಲ್ಲಬೇಕು. ಒಪ್ಪಂದದಲ್ಲಿ ನಾನು ಬರೆಸಿದ್ದು ‘ಫೀಸಿನ ವಿವರ ತಲುಪಿದ 15 ದಿನದೊಳಗೆ.’ ಬ್ಯಾಂಕಿನವನ ಕೈಗೆ 15 ದಿನ ಅನ್ನುವುದು ತಾನಾಗಿ ಬಂದುಬಿಡುತ್ತದೆ. ಒಂದು ವರ್ಷದ ಫೀಸನ್ನು ಎಫ್‌ಡಿಯಾಗಿ ಇಡಬೇಕು ಅಂತಲೂ ಇತ್ತು, ಆದರೆ ಅದಕ್ಕೆ 60 ದಿನ ಕೊಟ್ಟಿದ್ದೆವು. ಭಾವ ಆನ್‌ಸೈಟ್ ಹೋಗಿದ್ದರು. ಅಕ್ಕ ಮೆಸೇಜ್ ಹಾಕಿದಳು. ‘ಅಗ್ರಿಮೆಂಟಲ್ಲಿ 15 ದಿನ ಇದೆ ಅಲ್ವಾ’ ಅಂತ ಉತ್ತರ ಬಂತು. ಕೆಟ್ಟತನ ಅಂತ ಅಕ್ಕ ಈಗಲೂ ಹೇಳುತ್ತಾಳೆ. ಕಾಗದದ ಪ್ರಕಾರ ಅವರು ಸರಿ ಇದ್ದರು, ಬರೆದವನು ನಾನು.

ಅಕ್ಕ ಬೀರುವಿನಿಂದ ನಾಲ್ಕು ಬಳೆ ತೆಗೆದಳು. ಅಮ್ಮ ಮದುವೆಗೆ ಮಾಡಿಸಿದ್ದವು. ಒಂದು ಬಳೆ ಬರಲೇ ಇಲ್ಲ, ಸೋಪು ಹಚ್ಚಿ ತೆಗೆದಳು. ಬೆಳಿಗ್ಗೆ ಹತ್ತಕ್ಕೆ ಅಡವಿಟ್ಟು, ಹನ್ನೊಂದೂವರೆಗೆ 90 ಸಾವಿರ ಖಾತೆಗೆ ಬಂತು. ಹುಡುಗ ಮೊಬೈಲಿನಲ್ಲೇ ಫೀಸು ಕಟ್ಟಿದ.

ಭಾವ ಹನ್ನೆರಡನೇ ದಿನ ತಮ್ಮ ಪಾಲು ಕಳಿಸಿದರು. ಬಳೆ ಬಿಡಿಸಿಕೊಂಡೆವು. ಹನ್ನೆರಡು ದಿನಕ್ಕೆ 9 ಪರ್ಸೆಂಟಿನಂತೆ ಬಡ್ಡಿ 266 ರೂಪಾಯಿ. ಅದನ್ನೂ ಕೇಳಬೇಕು ಅಂದಳು ಅಕ್ಕ. ಬಿಡೇ ಅಂದೆ. ಬಿಡಲಿಲ್ಲ. ಮಾರನೇ ದಿನ ಅವಳ ಖಾತೆಗೆ 199 ರೂಪಾಯಿ 50 ಪೈಸೆ ಬಂತು. 266ರ 75 ಪರ್ಸೆಂಟ್. ಡಿವೋರ್ಸ್ ಆದಮೇಲೆ ಅಕ್ಕ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಆಮೇಲೆ ಇಬ್ಬರೂ ಒಪ್ಪಿ 15 ದಿನವನ್ನು ‘ಫೀಸಿನ ಕೊನೇ ದಿನಕ್ಕೆ ಎರಡು ದಿನ ಮೊದಲು’ ಅಂತ ಬದಲಾಯಿಸಿಕೊಂಡರು. ಮಗನೂ ಸೇರಿ ಮೂವರದ್ದೂ ಒಂದು ವಾಟ್ಸ್ಯಾಪ್ ಗ್ರೂಪ್ ಇದೆ. ಫೀಸಿನ ರಸೀದಿ, ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್, ಮಾರ್ಕ್ಸ್ ಕಾರ್ಡ್. ಬೇರೆ ಮಾತು ಅದರಲ್ಲಿ ಬರುವುದಿಲ್ಲ. ಎಫ್‌ಡಿ ಆಗಿದೆ. ಅಪ್ಪನ ಮೇಲೊಂದು ಟರ್ಮ್ ಪಾಲಿಸಿ ಮಾಡಿಸಿ ಮಗನನ್ನು ನಾಮಿನಿ ಮಾಡಿದ್ದಾರೆ.

ಒಂದು ಗಂಟು ಮಾತ್ರ ಬಿಚ್ಚಿಲ್ಲ. ಮಿತಿ ಇಟ್ಟದ್ದು 15.53 ಲಕ್ಷದ ಲೆಕ್ಕಕ್ಕೆ, ಆಗುತ್ತಿರುವುದು 7.93ರ ಖರ್ಚು. ಉಳಿದ 7.6 ಲಕ್ಷದಲ್ಲಿ ಭಾವನ ಪಾಲು 5.7 ಲಕ್ಷ. ಅದನ್ನು ಎಂಟೆಕ್‌ಗೆ ಇಡಬೇಕು ಅಂತ ಅಕ್ಕ. ಮೊದಲ ಡಿಗ್ರಿ ಅಂತ ತಾನೇ ಬರೆದಿರೋದು ಅಂತ ಭಾವ. ಮಿತಿ ಅಂದರೆ ಕೊಡಲೇಬೇಕಾದ ದುಡ್ಡಲ್ಲ, ಕಾಗದದ ಪ್ರಕಾರ ಈ ಸಲವೂ ಭಾವನೇ ಸರಿ. ಅಕ್ಕನಿಗೆ ಇದನ್ನು ನಾನಿನ್ನೂ ನೇರವಾಗಿ ಹೇಳಿಲ್ಲ.

ಹುಡುಗ ಈಗ ನಾಲ್ಕನೇ ಸೆಮಿಸ್ಟರ್. ಕಳೆದ ತಿಂಗಳು ಅವರ ಮನೆಯಲ್ಲಿ ಹಳೇ ಪಿಯುಸಿ ಪುಸ್ತಕ ಕಟ್ಟಿ ಹಾಕುವಾಗ, ಫಿಸಿಕ್ಸ್ ಗೈಡಿನೊಳಗಿಂದ ಮಡಿಸಿದ ಹಾಳೆಯೊಂದು ಬಿತ್ತು. ಸಿಇಟಿ ಆಪ್ಷನ್ ಎಂಟ್ರಿಗೆ ಅವನು ಮಾಡಿಕೊಂಡಿದ್ದ ಪಟ್ಟಿ. ಕಾಲೇಜಿನ ಕೋಡ್, ಬ್ರಾಂಚ್, ಫೀಸು. ಕೆಳಗೆ ಕಾಮೆಡ್-ಕೆಯ ಮೂರು ಕಾಲೇಜು, ಕಂಪ್ಯೂಟರ್ ಸೈನ್ಸ್, ಎರಡೆರಡು ಸಲ ಗೀಟು ಎಳೆದು ಹೊಡೆದು ಹಾಕಿದ್ದ. ಪ್ರತಿ ಸಾಲಿನ ಕೊನೆಗೆ ಪೆನ್ಸಿಲಿನಲ್ಲಿ ‘ಅ’ ಅಂತ ಬರೆದು ಪಕ್ಕದಲ್ಲಿ ಒಂದು ಅಂಕಿ. ಹೊಡೆದು ಹಾಕಿದ ಸಾಲಿನಲ್ಲಿ ‘ಅ 65’. ಸೇರಿದ ಕಾಲೇಜಿನ ಮುಂದೆ ‘ಅ 21’.

2.61 ಲಕ್ಷದ 25 ಪರ್ಸೆಂಟ್ 65 ಸಾವಿರ. 85 ಸಾವಿರದ್ದು 21. ‘ಅ’ ಅಂದರೆ ಅಮ್ಮ.